ವೆಲ್ಡರನ ಬಲಗಾಲು

ವೆಲ್ಡರನ ಬಲಗಾಲಿನಷ್ಟು ಭಾರದ ಕಾಲು ಮೂರು ಲೋಕದಲ್ಲಿ ಇನ್ನೊಂದಿರಲಿಲ್ಲ. ಅವನು ಆಕ್ಸಿಲರೇಟರ್ ತುಳಿದರೆ ಭೂಮಿ ಆ ಕಡೆಗೆ ನಾಲ್ಕು ಬೆರಳು ವಾಲುತ್ತಿತ್ತು. ಕಾರೂ ಅಂಥದ್ದೇ. ಅದರಲ್ಲಿ ಕಂಪನಿ ಕೊಟ್ಟದ್ದೆಂದರೆ ಹಾರ್ನ್ ಒಂದೇ. ಉಳಿದದ್ದೆಲ್ಲ ಅವನ ಬೆಸುಗೆ.

ಇಷ್ಟಿದ್ದೂ ಸತತ ಮೂರು ಭಾನುವಾರ ಸೋತಿದ್ದ. ನಿಧಾನವಾಗಿ ಹೋಗಿ ಅಲ್ಲ, ಜೋರಾಗಿ ಹೋಗಿ! ಹವ್ಯಾಸಿಗಳ ಆ ಡ್ರ್ಯಾಗ್ ರೇಸಿನ ಕಟ್ಟಳೆಯೇ ಹಾಗೆ. ಕಾಲು ಮೈಲಿಯ ನೇರ ದಾರಿಯನ್ನು ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆಂದು ಮೊದಲೇ ಗಾಜಿನ ಮೇಲೆ ಬರೆಯಬೇಕು. ಓಡುವುದು ಎರಡೆರಡೇ ಕಾರು; ಎರಡರ ಸಂಖ್ಯೆಗೆ ಎಷ್ಟು ವ್ಯತ್ಯಾಸವೋ ನಿಧಾನದ ಕಾರನ್ನು ಅಷ್ಟು ಮುಂಚೆ ಬಿಡುತ್ತಾರೆ. ಮೊದಲು ಗೆರೆ ದಾಟಿದವನು ಗೆದ್ದ; ಆದರೆ ತಾನು ಬರೆದದ್ದಕ್ಕಿಂತ ಬೇಗ ಮುಟ್ಟಿದರೆ ಔಟ್.

ಬರೆಯುವವಳು ಅಕ್ಕ. ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗಿ ತೂಗಿ, ಕೈಮೇಲೆ ಕೂತ ನೊಣ ಊಟ ಮಾಡಿದೆಯೋ ಇಲ್ಲವೋ ಹೇಳಬಲ್ಲವಳು. ಗಾಳಿ, ಬಿಸಿಲು, ಟೈರು ನೋಡಿ ಅವಳು ಬರೆದ ಸಂಖ್ಯೆ ತಪ್ಪಿದ್ದೇ ಇಲ್ಲ. ಕೆಡಿಸುತ್ತಿದ್ದವನು ಅವಳ ಗಂಡ, ಕ್ಷೌರದಂಗಡಿಯ ಭಾವ. ಟೈರಿಗೆ ಗಾಳಿ ತುಂಬುವುದು ಅವನ ಪಾಲಿನ ಕೆಲಸ. ಅದು ಮುಗಿದ ಮೇಲೆ ಭಾಮೈದನನ್ನು ಹುರಿದುಂಬಿಸಲು ನಿಲ್ಲುತ್ತಿದ್ದ. ಅವನ ಮಾತು ಕೇಳಿ ಒಮ್ಮೆ ಕೆಟ್ಟು ನಿಂತ ಕ್ರೇನು ತಾನಾಗಿ ಚಾಲೂ ಆಗಿತ್ತು.

ನಾಲ್ಕನೆಯ ಭಾನುವಾರ ಅಕ್ಕ ಗಾಜಿನ ಮೇಲೆ 14.20 ಎಂದು ಬರೆದಳು.

"ನೋಡೋ, ಇವತ್ತೂ ಇದಕ್ಕಿಂತ ಬೇಗ ಮುಟ್ಟಿದ್ರೆ ಇನ್ಮೇಲೆ ನಾನಿಲ್ಲ. ಭಾನುವಾರ ಮನೇಲಿ ಕಾಲು ಚಾಚ್ಕೊಂಡು ಮಲಗ್ತೀನಿ. ನೀನೇ ಬರ್ಕೋ."

ವೆಲ್ಡರನೋ, ತನಗೇ ಬಿಟ್ಟರೆ ಎರಡು ಸೆಕೆಂಡು ಎಂದು ಬರೆಯುವ ಆಸಾಮಿ. ಅಕ್ಕ ಇಲ್ಲದ ಕಾರು ಬರೀ ಗುಜರಿ ಎಂಬುದು ಅವನಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

"ನಾನೇನ್ ಮಾಡ್ಲಿ ಅಕ್ಕ? ಭಾವ 'ನುಗ್ಗೋ ಹುಲಿ' ಅಂದ್ರೆ ಕಾಲು ನನ್ ಮಾತೇ ಕೇಳಲ್ಲ."

ಅಕ್ಕ ಗಂಡನ ಕಡೆ ತಿರುಗಿದಳು. "ರೀ, ಇವತ್ತು ನಿಮ್ಮ ಬಾಯಿಗೆ ರಜೆ."

"ಒಂದೇ ಒಂದು ಮಾತು ಕಣೇ..."

"ಅರ್ಧಾನೂ ಬೇಡ."

ಭಾವ ಗ್ರೀಸ್ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡ. ಒಳಗೇ ಉಳಿದ ಮಾತಿಗೆ ಅವನ ಹೊಟ್ಟೆ ಎರಡಂಗುಲ ಉಬ್ಬಿದ್ದನ್ನು ಕಂಡವರಿದ್ದಾರೆ.

ಸಾಲಿನಲ್ಲಿ ನಿಂತಾಗ ಮೋಡ ಕವಿಯಿತು. ತಣ್ಣನೆಯ ಗಾಳಿ ಕುಡಿದರೆ ಎಂಜಿನ್ನಿಗೆ ಕೊಬ್ಬು, ಬರೆದದ್ದಕ್ಕಿಂತ ಬೇಗ ಓಡುತ್ತದೆ. ಆದರೆ ಬರೆದದ್ದನ್ನು ಇನ್ನು ಅಳಿಸುವಂತಿರಲಿಲ್ಲ. ಅಕ್ಕ ಕಿಟಕಿಗೆ ಬಗ್ಗಿದಳು.

"ಗೆರೆಗಿಂತ ಸ್ವಲ್ಪ ಮುಂಚೆ ಬಿಳಿ ಗೂಟ ಇದೆ. ಅಲ್ಲಿ ಕಾಲು ತೆಗಿ. ಪಕ್ಕದವನು ಎಲ್ಲಾದ್ರೂ ಸಾಯ್ಲಿ."

ಪಕ್ಕದವನು ಬೇಕರಿಯವನು. ಅವನ ಗಾಜಿನ ಮೇಲೆ 13.60. ಅವನ ಕಡೆಯ ಹನ್ನೆರಡು ಜನರ ಕೂಗಿಗೆ ಮೋಡವೇ ಬಿರುಕು ಬಿಟ್ಟಿತು. ವೆಲ್ಡರನ ಕಡೆ ಪಿಟ್ಟೆನ್ನುವ ಸದ್ದಿಲ್ಲ.

ಹಸಿರು ದೀಪ ಮೊದಲು ವೆಲ್ಡರನಿಗೇ ಹತ್ತಿತು. ಕಾರು ರಸ್ತೆಯನ್ನು ಚಾಪೆಯಂತೆ ಸುತ್ತಿಕೊಂಡು ಓಡಿತು. ಬೇಕರಿಯವನು ಹಿಂದಿನಿಂದ ಬಂದು ಡಿಕ್ಕಿಗೆ ಸಮನಾದ, ಬಾಗಿಲಿಗೆ ಸಮನಾದ. ಬಿಳಿ ಗೂಟ ಕಂಡಿತು. ಕಾಲು ಏಳಲೊಲ್ಲದು! ಇನ್ನೊಂದು ಚೂರು ತುಳಿದರೆ ಮುಂದೆ ತಾನೇ. ಅಷ್ಟರಲ್ಲಿ ಏನೂ ಬರೆಯದ ಗಾಜೊಂದು ಅವನ ಕಣ್ಣಿಗೆ ಕಟ್ಟಿತು. ಹಲ್ಲು ಕಚ್ಚಿ, ಹತ್ತು ಆನೆ ಎಳೆದಂತೆ, ತನ್ನ ಕಾಲನ್ನು ತಾನೇ ಕಿತ್ತುಕೊಂಡ. ಬೇಕರಿಯವನು ಮುಂದೆ ದಾಟಿಹೋದ.

ಹನ್ನೆರಡು ಜನ ಕುಣಿದರು. ಕುಣಿಯುತ್ತಲೇ ಸಮಯದ ಫಲಕ ನೋಡಿದರು. ಕುಣಿತ ಗಾಳಿಯಲ್ಲೇ ನಿಂತಿತು. ಬೇಕರಿಯವನದು 13.55. ಔಟ್. ವೆಲ್ಡರನದು 14.23.

"ಗೆದ್ವಲ್ಲ ಅಕ್ಕ!"

ಅಕ್ಕ ಸಮಯದ ಚೀಟಿಯನ್ನು ಬೆಳಕಿಗೆ ಹಿಡಿದಳು. "ಗೆದ್ದೆ, ಸರಿ. ನಾನು ಇಪ್ಪತ್ತು ಅಂದಿದ್ದೆ. ಈ ಮೂರು ಎಲ್ಲಿಂದ ಬಂತು?"

"ಕಾಲು ಸ್ವಲ್ಪ ಜಾಸ್ತಿನೇ ಎತ್ತಿಬಿಟ್ಟೆ."

"ಮುಂದಿನ ವಾರ ಬೆಳಿಗ್ಗೆ ಬೇಗ ಕರ್ಕೊಂಡು ಹೋಗು ನನ್ನ. ಎಷ್ಟು ಎತ್ತಬೇಕು ಅಂತ ಕಲಿಸ್ತೀನಿ."