ಗುರಿಹಲಗೆಯ ಪಕ್ಕದ ಕ್ಯಾಮೆರಾ

ಗುಂಡ್ಲುಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಶಿವಶಂಕರನಿಗೆ ನಲವತ್ತೆಂಟು ವರ್ಷ. ಮದುವೆಯಾಗಿರಲಿಲ್ಲ. ಅವನಿಗಿದ್ದ ಹುಚ್ಚು ಒಂದೇ, ರೈಫಲ್ಲಿನಿಂದ ದೂರದ ಗುರಿಗೆ ಹೊಡೆಯುವುದು. ಹರದನಹಳ್ಳಿಯಿಂದಾಚೆ ಕೆಲಸ ನಿಂತುಹೋಗಿದ್ದ ಕರಿಕಲ್ಲಿನ ಕ್ವಾರಿಯೊಂದನ್ನು ಅವನಂಥ ಏಳೆಂಟು ಜನ ಅನುಮತಿ ಪಡೆದು ಶೂಟಿಂಗ್ ರೇಂಜ್ ಮಾಡಿಕೊಂಡಿದ್ದರು. ಭಾನುವಾರ ಬಂತೆಂದರೆ ಅವನು ಅಲ್ಲಿ.

ಆರುನೂರು ಮೀಟರ್ ದೂರದ ಹಲಗೆಯ ಮೇಲಿನ ತೂತು ದುರ್ಬೀನಿಗೂ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಹರದನಹಳ್ಳಿಯ ಚಿಕ್ಕಣ್ಣ ಇದ್ದ. ಹಲಗೆಯ ಪಕ್ಕ ತೋಡಿದ ಹಳ್ಳದಲ್ಲಿ ಕೂತಿರುತ್ತಿದ್ದ. ಗುಂಡು ಬಿದ್ದ ಮೇಲೆ ಕೆಂಪು ಬಾವುಟ ಎತ್ತಿ ಹೊರಬಂದು, ತೂತು ನೋಡಿ, ಫೋನಿನಲ್ಲಿ ಹೇಳುತ್ತಿದ್ದ. "ಶಂಕ್ರಣ್ಣ, ಬಲಕ್ ಓಯ್ತು. ಗಾಳಿ ತಿರುಗ್ಯದೆ, ವಸಿ ತಡ್ಕ." ಹನ್ನೊಂದು ವರ್ಷ ಹೀಗೇ ನಡೆದಿತ್ತು. ವಾರವೆಲ್ಲ ಗಿರಾಕಿಗಳ ಜೊತೆ ಆಡಿದ ಮಾತು ಶಿವಶಂಕರನಿಗೆ ಮಾತೆನಿಸುತ್ತಿರಲಿಲ್ಲ. ಅವನು ಮಾತಾಡುತ್ತಿದ್ದದ್ದು ಆ ಫೋನಿನಲ್ಲೇ.

ಕಳೆದ ಮಾರ್ಚಿನ ಒಂದು ಮಧ್ಯಾಹ್ನ, ಬಿಸಿಲ ಝಳಕ್ಕೆ ನೆಲವೇ ಅಲುಗಾಡುವಂತೆ ಕಾಣುತ್ತಿದ್ದಾಗ, ಬಾವುಟ ಇಳಿಯಿತೆಂದುಕೊಂಡು ಅವನು ಗುಂಡು ಹಾರಿಸಿಬಿಟ್ಟ. ಬಾವುಟ ಇಳಿದಿರಲಿಲ್ಲ, ಚಿಕ್ಕಣ್ಣ ಇನ್ನೂ ಹಲಗೆಯ ಬಳಿಯೇ ಇದ್ದ. ಗುಂಡು ಹಲಗೆಯ ಕಬ್ಬಿಣದ ಚೌಕಟ್ಟಿಗೆ ಬಡಿಯಿತು. ಸಿಡಿದ ಚೂರು ಚಿಕ್ಕಣ್ಣನ ಎಡಗಣ್ಣಿಗೆ ಹೊಕ್ಕಿತು. ಅವನನ್ನು ಕಾರಿನಲ್ಲಿ ಮಲಗಿಸಿಕೊಂಡು ಶಿವಶಂಕರ ಚಾಮರಾಜನಗರಕ್ಕೆ, ಅಲ್ಲಿಂದ ಮೈಸೂರಿಗೆ ಓಡಿದ. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ಪೊಲೀಸರು ಕೇಳಿದಾಗ ಚಿಕ್ಕಣ್ಣನೇ "ಕೈತಪ್ಪಿ ಆಗಿದ್ದು" ಎಂದು ಬರೆಸಿದ. ಆಮೇಲೆ ಅವನೆದುರು ನಿಲ್ಲುವ ಧೈರ್ಯ ಶಿವಶಂಕರನಿಗೆ ಬರಲಿಲ್ಲ. ನಾಳೆ ಹೋಗೋಣ, ನಾಡಿದ್ದು ಹೋಗೋಣ ಎನ್ನುತ್ತ ಎಂಟು ತಿಂಗಳು ಕಳೆದವು. ಉಳಿದವರು ರೇಂಜಿಗೆ ಬರುವುದನ್ನು ಬಿಟ್ಟರು, ಭಾನುವಾರ ಅವನೊಬ್ಬನೇ ಹೋಗುತ್ತಿದ್ದ.

ಆ ಎಂಟು ತಿಂಗಳಲ್ಲಿ ಅವನು ಒಂದು ಕ್ಯಾಮೆರಾ ಕಟ್ಟಿದ. ಇನ್ನು ಹಲಗೆಯ ಹತ್ತಿರ ಮನುಷ್ಯರು ಇರಕೂಡದು ಎಂಬ ಹಟ. ಅದಕ್ಕೆಂದೇ ತಯಾರಾಗಿ ಬರುವ ಸಲಕರಣೆ ಅವನ ಕೈಗೆಟುಕುವಂಥದ್ದಲ್ಲ. ಅಂಗಡಿ ಬಾಗಿಲ ಮೇಲಿದ್ದ ವೈಫೈ ಕ್ಯಾಮೆರಾವನ್ನೇ ಬಿಚ್ಚಿಕೊಂಡ. ಮನೆಯ ರೌಟರ್ ಜೊತೆ ಇಟ್ಟರೆ ನೂರು ಹೆಜ್ಜೆಗೆಲ್ಲ ಚಿತ್ರ ಸತ್ತುಹೋಗುತ್ತಿತ್ತು. ಬಂಡೀಪುರದ ಕಡೆಯ ರೆಸಾರ್ಟುಗಳಿಗೆ ಇಂಟರ್‌ನೆಟ್ ಹಾಕುವ ಸುನೀಲ್ ಕುಮಾರ್, ತಾನು ಬಿಚ್ಚಿ ಮೂಲೆಗೆ ಹಾಕಿದ್ದ ಎರಡು ಬಿಳಿ ಆಂಟೆನಾ ಡಬ್ಬಿ ಕೊಟ್ಟ, ಒಂದು ಹಲಗೆಯ ಬಳಿಗೆ, ಒಂದು ಹೊಡೆಯುವವನ ಬಳಿಗೆ.

"ಇದರ ಮುಖ ಅದು ನೋಡ್ತಿರ್ಬೇಕು ಸಾರ್. ನಡುವೆ ಒಂದು ಗಿಡ ಬಂದ್ರೂ ಮುನಿಸ್ಕತವೆ" ಎಂದು ನಕ್ಕ.

ಬೈಕಿನ ಹಳೇ ಬ್ಯಾಟರಿಯಿಂದ ಕರೆಂಟು ಕೊಟ್ಟದ್ದಾಯಿತು. ಬಿಸಿಲು ತಾಕದಂತೆ ಪೇಂಟಿನ ಡಬ್ಬಿ ಕತ್ತರಿಸಿ ಮುಚ್ಚಿದ. ಗುಂಡು ತಾಕದಂತೆ ಕಲ್ಲುಚಪ್ಪಡಿಯೊಂದನ್ನು ಅಡ್ಡ ನಿಲ್ಲಿಸಿದ. ನಡುವೆ ಬೆಳೆದಿದ್ದ ಲಂಟಾನ ಕಡಿಯುವುದಕ್ಕೇ ಮೂರು ಭಾನುವಾರ ಬೇಕಾದವು.

ನವೆಂಬರಿನ ಒಂದು ಬೆಳಿಗ್ಗೆ ಫೋನಿನಲ್ಲಿ ಹಲಗೆ ನಿಚ್ಚಳವಾಗಿ ಮೂಡಿತು. ಅವನು ಮಲಗಿ ಗುರಿಯಿಟ್ಟು ಹೊಡೆದ. ಎರಡು ಸೆಕೆಂಡು ಕಳೆದು, ನಡುವಿನ ವೃತ್ತದ ಅಂಚಿನಲ್ಲಿ ಒಂದು ಚುಕ್ಕೆ ಕಾಣಿಸಿತು. "ಬಿತ್ತು!" ಎಂದು ತಲೆಯೆತ್ತಿದ. ಕ್ವಾರಿಯ ಹಸಿರು ನೀರಿನ ಮೇಲೆ ಒಂದು ನೀರುಕಾಗೆ ಬಿಟ್ಟರೆ ಯಾರೂ ಇರಲಿಲ್ಲ.

ಅವತ್ತೇ ಸಂಜೆ ಚಿಕ್ಕಣ್ಣನ ಮನೆಗೆ ಹೋದ. ಜಗಲಿಯ ಮೇಲೆ ಕೂತಿದ್ದ ಚಿಕ್ಕಣ್ಣ ಮುಖವನ್ನು ಪೂರ್ತಿ ತಿರುಗಿಸಿ, ಇದ್ದ ಕಣ್ಣಿನಿಂದ ಅವನನ್ನು ನೋಡಿದ. ಹೆಂಡತಿ ರಾಚಮ್ಮ ಚಾಪೆ ಹಾಸಿ ಒಳಗೆ ಹೋದಳು. ಶಿವಶಂಕರ ಫೋನು ತೆಗೆದು ಹಲಗೆಯ ಚಿತ್ರ ತೋರಿಸಿದ.

"ಕ್ಯಾಮೆರಾ ಮಾಡಿದೀನಿ ಚಿಕ್ಕಣ್ಣ. ಇನ್ಮೇಲೆ ಅಲ್ಲಿ ಯಾರೂ ನಿಲ್ಬೇಕಾಗಿಲ್ಲ."

ಚಿಕ್ಕಣ್ಣ ಫೋನನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ. "ಚೆಂದಾಗದೆ. ತೂತೆಲ್ಲ ಕಾಣ್ತದೆ."

"ತಪ್ಪಾಗೋಯ್ತು ಚಿಕ್ಕಣ್ಣ."

"ಅದ್ ಬುಡು. ಆವತ್ತು ಕಾರ್ನಲ್ಲಿ ನೀನೇ ಅಳ್ತಿದ್ದೆ, ಕೇಳುಸ್ತಿತ್ತು ನಂಗೆ." ಫೋನು ವಾಪಸು ಕೊಟ್ಟ. "ಭಾನ್ವಾರ ಭಾನ್ವಾರ ನಿನ್ ಕಾರು ಈ ಬೀದೀಲೇ ಓಯ್ತಿತ್ತಲ್ಲ ಶಂಕ್ರಣ್ಣ. ಇವತ್ತು ನಿಲ್ಲುಸ್ತನೆ, ಬಾರ್ಲಾ ಓಗನ ಅಂತನೆ, ಅಂತ ಅಂಗಿ ಆಕ್ಕಂಡು ಕೂತ್ಕತಿದ್ದೆ."

ಶಿವಶಂಕರ ಫೋನನ್ನು ಜೇಬಿಗಿಟ್ಟ. "ನಿನ್ ಕಣ್ಣು..."

"ತೂತು ನೋಡಕೆ ಒಂದ್ ಕಣ್ಣು ಸಾಲ್ದಾ?"

"ಹಂಗಾದ್ರೆ ಬಾ. ಮುಂದಿನ ವಾರದಿಂದಲೇ ಬಾ. ನನ್ ಪಕ್ಕ ಕೂತ್ಕೊಂಡು ಫೋನಲ್ಲೇ ನೋಡು."

ಚಿಕ್ಕಣ್ಣ ಬೇಡವೆಂಬಂತೆ ತಲೆಯಾಡಿಸಿದ. "ಪಕ್ದಲ್ ಕೂತ್ಕಂಡು ನಾನೇನ್ ಯೋಳದು? ನಿಂಗೇ ಕಾಣ್ತದಲ್ಲ. ಹೋದ್ ತಿಂಗ್ಳಿಂದ ಸಂತೆಮರಹಳ್ಳಿ ತಾವ ಚೆಂಡುಹೂವಿನ ತೋಟ ಕಾಯಕ್ ಓಯ್ತಿವ್ನಿ. ಭಾನ್ವಾರ್ವೂ ರಜ ಇಲ್ಲ."

ರಾಚಮ್ಮ ಟೀ ತಂದಿಟ್ಟಳು. ಇಬ್ಬರೂ ಕುಡಿದರು. ಹೊರಡುವಾಗ ಚಿಕ್ಕಣ್ಣ ಕಾರಿನವರೆಗೂ ಬಂದು, ಬಾಗಿಲು ತಾನೇ ಮುಚ್ಚಿ, "ಉಷಾರು ಕಣಣ್ಣ" ಎಂದ.

ಪ್ರತಿ ವರ್ಷ ಹೋಗುತ್ತಿದ್ದ ಗುರಿ ಹೊಡೆಯುವ ಸ್ಪರ್ಧೆಗೆ ಶಿವಶಂಕರ ಆ ವರ್ಷ ಹೆಸರು ಕೊಡಲಿಲ್ಲ. ಕ್ಯಾಮೆರಾದ ಸುದ್ದಿ ಕೇಳಿ ಹಳೆಯ ಗೆಳೆಯರು ಮತ್ತೆ ರೇಂಜಿಗೆ ಬರತೊಡಗಿದರು, ಅವನ ಬೆನ್ನು ತಟ್ಟಿದರು. ಅವರು ಬರುವ ಮೊದಲೇ ಅವನು ಹೋಗಿ, ಹತ್ತು ಗುಂಡು ಹೊಡೆದು, ಹತ್ತನ್ನೂ ಫೋನಿನಲ್ಲಿ ತಾನೇ ನೋಡಿ, ಈಗ ಭಾನುವಾರವೂ ಅಂಗಡಿ ತೆಗೆಯುತ್ತಿದ್ದನಲ್ಲ, ಆ ಹೊತ್ತಿಗೆ ಗುಂಡ್ಲುಪೇಟೆ ಸೇರಿಕೊಳ್ಳುತ್ತಿದ್ದ.