ಕೈ ನೋಡಿ ಹಾಡುವ ಅತ್ತೆ

ಔಷಧಿ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬಂದರೆ ಸೊಸೆಗೆ ಯಾರ ಜೊತೆಗೂ ಮಾತು ಬೇಡ ಅನ್ನಿಸುತ್ತಿತ್ತು. ಊಟಕ್ಕೆ ಮೊದಲು, ಊಟ ಆದಮೇಲೆ ಎಂದು ದಿನವಿಡೀ ಹೇಳಿ ಹೇಳಿ ನಾಲಿಗೆ ಸವೆದಿರುತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆ ಗ್ರಂಥಾಲಯದ ಮಹಡಿಯ ಮೇಲೆ ಹಾಡಿನ ತಂಡದ ಮುಂದೆ ನಿಂತಳೆಂದರೆ ಅವಳೇ ಬೇರೆ. ತಂಡ ಕಟ್ಟಿದ್ದ ಮೇಷ್ಟ್ರು ಊರು ಬಿಡುವಾಗ, "ಇಷ್ಟು ಜನರಲ್ಲಿ ತಾಳ ತಪ್ಪದವಳು ನೀನೊಬ್ಬಳೇ" ಎಂದು ಅದನ್ನು ಅವಳ ತಲೆಗೆ ಕಟ್ಟಿ ಹೋಗಿದ್ದರು. ಒಂದು ದಿನ ಅವಳು ಕೈ ಎತ್ತಿದಾಗ ಎದುರಿಗಿದ್ದವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಹಾಡು ಇನ್ನೂ ಶುರುವಾಗಿರಲಿಲ್ಲ. ಅಷ್ಟು ಎದೆಗಳು ತನ್ನ ಒಂದು ಕೈಗೆ ಉಬ್ಬಿ ನಿಂತ ಆ ಗಳಿಗೆಯ ರುಚಿ ಹತ್ತಿಬಿಟ್ಟಿತು. ಆಮೇಲೆ ಬಿಡು ಎಂದರೂ ಬಿಡುವವಳಲ್ಲ.

ಆ ಸುಖದ ನಡುವೆ ಅತ್ತೆ ಬಂದು ಸೇರಿಕೊಂಡರು.

"ನಾನೂ ಬರ್ತೀನಿ. ಮನೇಲಿ ಕೂತು ಏನು ಮಾಡ್ಲಿ?" ಎಂದರು. ಬೇಡ ಎನ್ನುವ ಧೈರ್ಯ ಯಾರಿಗಿದೆ? ಮಗ್ಗದ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ದುಡಿದ ಹೆಂಗಸು. ಅವರು ಅಡುಗೆಮನೆಯಲ್ಲಿ ಮಾತಾಡಿದರೆ ಬೀದಿಯವರು ಉತ್ತರ ಕೊಡುತ್ತಿದ್ದರು. ಹಾಡಿದರಂತೂ ಕೇಳುವುದೇ ಬೇಡ. ಶ್ರುತಿ ತಪ್ಪುತ್ತಿರಲಿಲ್ಲ, ಆದರೆ ಆ ದನಿಯ ಮುಂದೆ ಉಳಿದವರ ಹಾಡು ಆನೆ ನಡೆದ ದಾರಿಯ ಹುಲ್ಲಾಗುತ್ತಿತ್ತು. ಹಾಡುವಾಗ ಕಣ್ಣು ಬೇರೆ ಮುಚ್ಚಿಕೊಳ್ಳುತ್ತಿದ್ದರು.

ತಂಡದಲ್ಲಿ ಹಾಡುತ್ತಿದ್ದ ಬೇಕರಿಯಾಕೆ ಸೊಸೆಯನ್ನು ಮೆಟ್ಟಿಲ ಬಳಿ ಹಿಡಿದು ನಿಲ್ಲಿಸಿದಳು. "ನಾವು ಬರೀ ಬಾಯಿ ಆಡಿಸಿದ್ರೂ ನಡೆಯುತ್ತೆ ಕಣೇ. ಯಾರಿಗೆ ಕೇಳುತ್ತೆ? ಸ್ವಲ್ಪ ಮೆತ್ತಗೆ ಅಂತ ನಿಮ್ಮತ್ತೆಗೆ ಹೇಳಬಾರದಾ?"

ಸೊಸೆ ಆ ಕೆಲಸವನ್ನು ಗಂಡನ ಮೇಲೆ ಹಾಕಲು ನೋಡಿದಳು. ಅವನು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಅತ್ತೆ ಸೊಸೆ ಮಧ್ಯೆ ಬಂದು ಅಡಕತ್ತರಿಗೆ ಸಿಕ್ಕ ಅಡಕೆಯಾಗೋಕೆ ನಾನು ತಯಾರಿಲ್ಲ."

ತಂಡ ಹಾಡಬೇಕಿದ್ದ ಗ್ರಂಥಾಲಯದ ವಾರ್ಷಿಕೋತ್ಸವ ಹತ್ತಿರ ಬರುತ್ತಿತ್ತು. ಹಾಡಿನ ಕೊನೆಯ ಸ್ವರವನ್ನು ಎಳೆದು, ಇಳಿಸಿ, ಅವಳು ಮುಷ್ಟಿ ಮುಚ್ಚಿದಾಗ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕಿತ್ತು. ಆ ಭಾನುವಾರ ಮುಷ್ಟಿ ಮುಚ್ಚಿತು, ಎಲ್ಲರೂ ನಿಲ್ಲಿಸಿದರು. ಅತ್ತೆ ಮಾತ್ರ ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ಯಾರೋ ಕಿಸಕ್ಕೆಂದರು, ಅದು ಸಾಲಿನುದ್ದಕ್ಕೂ ಹಬ್ಬಿತು. ಅತ್ತೆ ಕಣ್ಣು ತೆರೆದು ಎಲ್ಲರ ಮುಖ ನೋಡಿದರು. ಮುಖ ಸಣ್ಣದಾಯಿತು. ಚೀಲ ತೆಗೆದುಕೊಂಡು ಮೆಟ್ಟಿಲಿಳಿದು ಹೊರಟೇಬಿಟ್ಟರು.

ಸೊಸೆ ಮನೆಗೆ ಬಂದಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. "ಅತ್ತೆ, ಬೇಜಾರಾಯ್ತಾ?" ಎಂದಳು. ಉತ್ತರವಿಲ್ಲ. "ನಾನು ನಗಲಿಲ್ಲ ಅತ್ತೆ." ಅದಕ್ಕೂ ಇಲ್ಲ. ಮುನಿಸು ಜೋರಾಗಿದೆ ಎಂದುಕೊಂಡಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಏಳತೊಡಗಿತು. "ಹಾಲು ಉಕ್ತಾ ಇದೆ" ಎನ್ನುತ್ತಾ ಓಡಿದಳು. ಹಾಲು ಇಳಿಸಿ ತಿರುಗಿ ನೋಡಿದರೆ ಅತ್ತೆ ಅಲುಗಿರಲಿಲ್ಲ. ಎಂಥ ಕೋಪದಲ್ಲೂ ಹಾಲು ಉಕ್ಕಲು ಬಿಡುವ ಹೆಂಗಸಲ್ಲ ಅದು.

ಮೆಲ್ಲಗೆ ಹೋಗಿ ಅವರ ಎದುರಿಗೆ ಕೂತಳು. "ಅತ್ತೆ, ನಿಮಗೆ ಕಿವಿ ಕೇಳಿಸಲ್ವಾ?"

ಅತ್ತೆ ಅವಳ ತುಟಿಯನ್ನೇ ನೋಡುತ್ತಿದ್ದರು. "ಎಡಗಿವಿ ಒಂಚೂರು ಕೇಳುತ್ತೆ. ಬಲಗಿವಿ ಆ ಕಾರ್ಖಾನೆಗೇ ಹೋಯ್ತು. ಮಗ್ಗದ ಸದ್ದಲ್ಲಿ ನಾವೆಲ್ಲ ಬಾಯಿ ನೋಡೇ ಮಾತಾಡ್ತಿದ್ವಿ. ಅದೇ ಅಭ್ಯಾಸದಲ್ಲಿ ಮನೇಲೂ ನಡೆಸ್ಕೊಂಡು ಬಂದೆ. ಮಗನಿಗೆ ಹೇಳಬೇಡ, ಮುದುಕಿ ಅನ್ನಿಸ್ಕೊಳ್ಳೋಕೆ ಇಷ್ಟವಿಲ್ಲ."

"ಮತ್ತೆ ಹಾಡೋಕೆ ಯಾಕೆ ಬಂದ್ರಿ?"

"ಇಲ್ಲಿ ನೀವಿಬ್ಬರೂ ಮಾತಾಡೋದ್ರಲ್ಲಿ ಅರ್ಧ ನನಗೆ ಸಿಗಲ್ಲ. ನೀವು ನಕ್ಕಾಗ ಸುಮ್ನೆ ನಗ್ತೀನಿ. ಅಲ್ಲಿ ಎಲ್ಲರೂ ಒಂದೇ ಮಾತು ಹೇಳ್ತಾರೆ. ಮುಂದಿನ ಮಾತು ಯಾವುದು ಅಂತ ನನಗೆ ಮೊದಲೇ ಗೊತ್ತಿರುತ್ತೆ. ಅಷ್ಟು ಹೊತ್ತು ನಾನೂ ಎಲ್ಲರ ಜೊತೆ ಇರ್ತೀನಿ."

ಸೊಸೆ ಇನ್ನಷ್ಟು ಹತ್ತಿರ ಸರಿದು ಕೇಳಿದಳು, "ಕಣ್ಣು ಯಾಕೆ ಮುಚ್ಕೋತೀರಿ?"

"ಮುಚ್ಚಿದ್ರೆ ನನ್ನ ದನಿ ಎದೆಯಲ್ಲಿ ಗುಂಯ್ ಅನ್ನೋದು ಗೊತ್ತಾಗುತ್ತೆ. ಜೋರಾಗಿ ಹಾಡಿದ್ರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ."

"ಇನ್ಮೇಲೆ ಕಣ್ಣು ಬಿಟ್ಟು ನನ್ನ ಕೈ ನೋಡಿ ಹಾಡಿ. ಬಾಯಿ ನೋಡಿ ಮಾತು ಹಿಡಿದವರಿಗೆ ಕೈ ಯಾವ ಮಹಾ ವಿದ್ಯೆ?"

ಮುಂದಿನ ಭಾನುವಾರ ಅತ್ತೆಯನ್ನು ಒಪ್ಪಿಸಿ ಕರೆತರುವಷ್ಟರಲ್ಲಿ ಸಾಕುಬೇಕಾಯಿತು. ಅವರ ಎಡಗಡೆ ತಂಡದಲ್ಲಿದ್ದ ಬಸ್ ಡ್ರೈವರನನ್ನು ನಿಲ್ಲಿಸಿದಳು. ಅವನದು ನೆಲ ಅದುರಿಸುವ ದಪ್ಪ ದನಿ. ಅದೊಂದಾದರೂ ಅತ್ತೆಯ ಕಿವಿಗೆ ಬೀಳಲಿ ಎಂಬುದು ಅವಳ ಲೆಕ್ಕ. "ಅಮ್ಮಾ, ನಾನು ಬ್ರೇಕ್ ಹಾಕಿದಾಗ ನೀವೂ ಹಾಕಿ" ಎಂದ ಅವನು.

ನಿಜವಾದ ಪೇಚಾಟ ಶುರುವಾದದ್ದು ಸೊಸೆಗೆ. ಇಷ್ಟು ದಿನ ಅವಳು ಕೈ ಆಡಿಸುತ್ತಾ ಬಾಯಲ್ಲಿ "ಮೆತ್ತಗೆ, ಈಗ ಜೋರು" ಎಂದು ಗೊಣಗುತ್ತಿದ್ದಳು. ಈಗ ಎಲ್ಲವನ್ನೂ ಕೈಯೇ ಹೇಳಬೇಕು. ಅಂಗೈ ತುಸು ಅತ್ತಿತ್ತಾದರೆ ಅತ್ತೆಯ ದನಿಯೂ ಅತ್ತಿತ್ತ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದಳು. ಗಂಡ ಬಾಗಿಲಲ್ಲಿ ಇಣುಕಿ, "ನೊಣ ಓಡಿಸ್ತಿದ್ದೀಯಾ?" ಎಂದು ಕೇಳಿದ. ಬರಬರುತ್ತಾ ಒಂದು ವಿಚಿತ್ರ ನಡೆಯಿತು. ಅತ್ತೆಗೆ ತಿಳಿಯಲಿ ಎಂದು ಕೈ ಬಿಡಿಸಿ ಹೇಳಿದ್ದು ಎಲ್ಲರಿಗೂ ತಿಳಿಯತೊಡಗಿತು. ಹಾಡು ಬರೆದ ಕಾಗದದಲ್ಲಿ ಮುಖ ಹುದುಗಿಸಿಕೊಳ್ಳುತ್ತಿದ್ದವರೂ ತಲೆ ಎತ್ತಿದರು.

ವಾರ್ಷಿಕೋತ್ಸವದ ದಿನ ಹಾಲ್ ತುಂಬಿತ್ತು. ಅವಳು ಕೈ ಎತ್ತಿದಳು. ಅತ್ತೆಯ ಕಣ್ಣು ಅವಳ ಬೆರಳುಗಳ ಮೇಲೆ ನೆಟ್ಟಿತ್ತು, ಕಾರ್ಖಾನೆಯಲ್ಲಿ ನೂಲು ಕಡಿಯದಂತೆ ಕಾಯುತ್ತಿದ್ದಾಗ ನೋಡುತ್ತಿದ್ದ ಹಾಗೆ. ಕೆಳದನಿ ನೆಲ ಹಾಸಿತು, ಮೇಲಿನ ದನಿ ಅದರ ಮೇಲೆ ನಡೆದು ಬಂತು. ಅತ್ತೆಯ ದನಿ ಎಲ್ಲಿದೆ ಎಂದು ಹುಡುಕಿದಳು, ಬೇರೆಯಾಗಿ ಸಿಗಲಿಲ್ಲ. ಅಂಗೈ ಇಳಿಸಿದರೆ ಹಾಡು ಇಳಿಯಿತು, ತಡೆದರೆ ಬೆರಳ ತುದಿಯಲ್ಲೇ ನಿಂತಿತು. ತನ್ನ ಬಾಯಿಂದ ಒಂದು ಸ್ವರವೂ ಹೊರಡದೆ ತಾನೇ ಹಾಡುತ್ತಿದ್ದೇನೆ ಅನ್ನಿಸಿ ಅವಳಿಗೆ ಕಣ್ಣು ತುಂಬಿತು. ಮುಷ್ಟಿ ಮುಚ್ಚಿದಳು. ಇಡೀ ಹಾಲ್ ಗಪ್‌ಚಿಪ್.

ಚಪ್ಪಾಳೆಯ ನಡುವೆ ಅತ್ತೆ ದೂರದಿಂದಲೇ ತುಟಿಯಲ್ಲಿ ಕೇಳಿದರು, "ಸರಿಹೋಯ್ತಾ?" ಸೊಸೆ ಹೌದೆಂದು ತಲೆಯಾಡಿಸಿದಳು.

ಆಮೇಲೆ ಅತ್ತೆಯೇ ಮಗನಿಗೆ ವಿಷಯ ಹೇಳಿದರು. ಕಿವಿಗೆ ಯಂತ್ರ ಬಂತು. ಫ್ಯಾನಿನ ಸದ್ದು, ಮಗನ ಗೊರಕೆ ಎಂದು ಮನೆಯಲ್ಲಿ ದೂರು ಮುಗಿಯಲಿಲ್ಲ. ಅದನ್ನು ಹಾಕಿಕೊಂಡು ಮೊದಲ ಸಲ ಅಭ್ಯಾಸಕ್ಕೆ ಬಂದ ದಿನ ಅವರು ಹಾಡಲೇ ಇಲ್ಲ, ತಲೆ ವಾಲಿಸಿ ಸುಮ್ಮನೆ ಕೇಳುತ್ತಾ ನಿಂತರು.

ಮನೆಗೆ ಬರುವ ದಾರಿಯಲ್ಲಿ ಸೊಸೆಯ ತೋಳು ಹಿಡಿದು ಹೇಳಿದರು, "ಆ ಬೇಕರಿಯಾಕೆಗೆ ಎಷ್ಟು ಇಂಪಾದ ದನಿ ಇದೆ ಅಲ್ವಾ? ಪಾಪ, ಅದರ ಮೇಲೇ ಕೂತುಬಿಟ್ಟಿದ್ದೆ ನಾನು."