ಬ್ಯಾರನ್ ಡಾಕ್ಟ್ರು

ಪಿಯುಸಿ ಮುಗಿಸಿದ ಸುಕನ್ಯಳಿಗೆ ಸಿಇಟಿಯಲ್ಲಿ ಮೆಡಿಕಲ್ ಸೀಟು ಕೂದಲೆಳೆಯಲ್ಲಿ ತಪ್ಪಿತು. ಬಿಎಸ್ಸಿಗೆ ಸೇರೆಂದು ಎಲ್ಲರೂ ಹೇಳಿದರು. ಅವಳು ಜಗ್ಗಲಿಲ್ಲ. "ಒಂದು ವರ್ಷ ಮನೇಲಿ ಕೂತು ಓದ್ತೀನಿ, ಮತ್ತೆ ಬರೀತೀನಿ" ಅಂದಳು. ಅಪ್ಪ ಮರಿಯಯ್ಯ ಒಪ್ಪಿದ. ಆದರೆ ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲಕ್ಕೆ ಮನೆಯಲ್ಲಿ ಯಾರೂ ಸುಮ್ಮನೆ ಕೂರುವ ಹಾಗಿಲ್ಲ. ಅವಳನ್ನು ಪುಸ್ತಕದ ಸಮೇತ, ಸೊಪ್ಪು ಬೇಯಿಸುವ ಗೂಡಾದ ಬ್ಯಾರನ್ ಮುಂದೆ ಕೂರಿಸಿದ. ಒಳಗೆ ತೂಗುಹಾಕಿದ ಥರ್ಮಾಮೀಟರನ್ನು ಆಗಾಗ ಕಿಂಡಿಯಲ್ಲಿ ನೋಡಿ, ಒಲೆಗೆ ಸೌದೆ ಹೆಚ್ಚೋ ಕಡಿಮೆಯೋ ಹೇಳುವುದಷ್ಟೇ ಕೆಲಸ. ಏಳು ಬೆಟ್ಟದಾಚೆ ಬೆಂಕಿ ಕಾಯುವ ರಾಜಕುಮಾರಿಯ ಕತೆಯನ್ನು ಅಜ್ಜಿ ರಾಚಮ್ಮನ ಬಾಯಲ್ಲಿ ಕೇಳಿ ಬೆಳೆದವಳಿಗೆ ಅದೇನೂ ಕಷ್ಟವೆನಿಸಲಿಲ್ಲ.

ಕಷ್ಟ ಶುರುವಾದದ್ದು ಪಕ್ಕದ ಹೊಲದ ಚಾಮಯ್ಯ ಕಂಬಳಿ ಹೊದ್ದು ಬಂದ ದಿನ.

"ಅವ್ವಾ, ಮೈ ಕೆಂಡ ಆಗದೆ. ಆ ಸೊಪ್ಪಿಗೆ ಇಕ್ಕಿರೋದ್ನ ನಂಗೂ ಒಸಿ ಇಕ್ಕಿ ನೋಡು."

ಸುಕನ್ಯ ತಮಾಷೆಗೆ ಥರ್ಮಾಮೀಟರನ್ನು ಹೊರಗೆ ತೆಗೆದು, ಆರಿಸಿ, ಅವನ ಕಂಕುಳಲ್ಲಿಟ್ಟು ನೋಡಿ, "ಸೊಪ್ಪಿಗಿಂತ ತಣ್ಣಗಿದ್ದೀಯ ಚಾಮಣ್ಣ. ಗಂಜಿ ಕುಡಿದು ಮಲಿಕೊ" ಅಂದಳು. ಚಾಮಯ್ಯ ಹಾಗೇ ಮಾಡಿದ. ಬೆಳಿಗ್ಗೆಗೆ ಎದ್ದು ಓಡಾಡಿದ. ಸುಮ್ಮನೆ ಓಡಾಡಲಿಲ್ಲ, ಊರೆಲ್ಲ ಹೇಳಿಕೊಂಡು ಓಡಾಡಿದ.

ದಸರಾ ಹೊತ್ತಿಗೆ ಬ್ಯಾರನ್ ಮುಂದೆ ಜನವೋ ಜನ. ಮಂಡಿ ನೋವಿನವರೂ ಥರ್ಮಾಮೀಟರ್ ಇಡಿಸಿಕೊಳ್ಳದೆ ಹೋಗುತ್ತಿರಲಿಲ್ಲ. ಮರಿಯಯ್ಯ ಬಂದವರಿಗೆ ಕೂರಲು ಬೆಂಚು ತಂದು ಹಾಕಿಸಿದ. "ನಮ್ ಡಾಕ್ಟ್ರು ಈಗ ಊಟಕ್ಕೆ ಹೋಗವ್ರೆ" ಎಂದು ಹೆತ್ತ ಮಗಳಿಗೇ ಬಹುವಚನ ಕೊಟ್ಟ. ಎದುರುಮನೆ ಸುನಂದಮ್ಮನವರಂತೂ, "ಇನ್ಯಾಕವ್ವ ಪರೀಕ್ಷೆ? ಕಲಿಯಾದೆಲ್ಲ ಕಲ್ತಾಗದೆ. ಇಲ್ಲೇ ಇದ್ದುಬುಡು" ಎಂದು ಗದ್ದ ಹಿಡಿದು ಮುದ್ದು ಮಾಡಿದರು. ಸುಕನ್ಯಳ ಪುಸ್ತಕ ಕಪ್ಪೆಯ ಹೃದಯದ ಪುಟದಲ್ಲೇ ತೆರೆದುಕೊಂಡು ಹೊಗೆ ಹಿಡಿಯುತ್ತಿತ್ತು.

"ಅಜ್ಜಿ, ಹಿಂಗೇ ಆದ್ರೆ ಈ ವರ್ಷಾನೂ ಹೋಯ್ತು. ಅಪ್ಪ ಇನ್ನೊಂದು ವರ್ಷ ಕೂರಿಸಲ್ಲ, ಮದುವೆ ಮಾಡ್ತಾನೆ" ಎಂದು ಅವಳು ಒಂದು ಮಧ್ಯಾಹ್ನ ಅತ್ತೇಬಿಟ್ಟಳು.

ರಾಚಮ್ಮ ಎಲೆಗೆ ಸುಣ್ಣ ಸವರಿ, ಹೊಗೆಸೊಪ್ಪಿನ ಕಡ್ಡಿಪುಡಿ ಉದುರಿಸಿ ಮಡಿಸಿ ದವಡೆಗಿಟ್ಟುಕೊಂಡಳು. ಆಮೇಲೆ ಕತೆ ಬಂತು.

"ಒಂದ್ ಬೇವಿನ ಮರ ಇತ್ತಂತೆ ಕಣವ್ವ. ಕೇಳ್ದೋರಿಗೆ ಕೇಳಿದ್ದ ಕೊಡೋದು. ಕೊಟ್ಟೂ ಕೊಟ್ಟೂ ಅದಕ್ಕೆ ತನ್ ಚಿಗುರು ಬುಡೋಕೇ ಪುರುಸೊತ್ತಿಲ್ಲ. ಕಡೀಗೆ ಮರ ಏನಂತು ಗೊತ್ತಾ? ಕೊಡ್ತೀನಿ, ಆದ್ರೆ ನಿಮಗೆ ಬಾಳ ಇಷ್ಟವಾದ್ದ ತಂದು ನನ್ ಬೇರಿಗೆ ಸುರೀರಿ ಅಂತು. ಆವತ್ತಿಂದ ಅತ್ಲಾಗೆ ಒಂದ್ ನರಪಿಳ್ಳೆ ತಲೆ ಹಾಕ್ನಿಲ್ಲ. ಮರ ಗಮ್ಮಂತ ಚಿಗುರ್ಕತು."

ಮರುದಿನ ಮೊದಲು ಬಂದವನು ಚಾಮಯ್ಯ. ಕೆಮ್ಮು.

"ಬೀಡಿ ಬಿಡು ಚಾಮಣ್ಣ" ಅಂದಳು ಸುಕನ್ಯ.

"ಅದು ಬುಟ್ಟು ಬ್ಯಾರೆ ಏನಾರ ಏಳವ್ವ."

"ಬೇರೆ ಏನೂ ಇಲ್ಲ."

ಸುನಂದಮ್ಮನವರ ಹೊಟ್ಟೆಯುರಿಗೆ ಕಡ್ಡಿಪುಡಿ ಬಿಡಿ ಅಂದಳು. ಮೊಮ್ಮಗನಿಗೆ ದಮ್ಮು ಎಂದು ಬಂದ ಅಂಕಯ್ಯನಿಗೆ, ಮಗು ಮುಂದೆ ಸೇದುವುದು ಬಿಡಿ ಅಂದಳು. ಸಂಜೆಗೆ ಬೆಂಚು ಖಾಲಿ.

"ಇನ್ನೂ ಸೀಟೇ ಸಿಕ್ಕಿಲ್ಲ, ಆಗ್ಲೇ ಡಾಕ್ಟ್ರಂಗೆ ಆಡ್ತಾಳೆ!" ಎಂದು ಚಾಮಯ್ಯ ಟೀ ಅಂಗಡಿಯಲ್ಲಿ ಕೂಗಾಡಿದ. ಅವಳು ಪಿಯುಸಿಯವಳೆಂಬುದು ಇಡೀ ಊರಿಗೆ ಅಂದೇ ನೆನಪಾಯಿತು.

ಮರಿಯಯ್ಯ ಕುದಿಯುತ್ತ ಬಂದ. "ನಿನ್ನ ಓದುಸ್ತಿರೋದು ಯಾವ್ದು ಅಂದ್ಕಂಡಿದ್ದೀಯೆ? ಅದೇ ಸೊಪ್ಪು!"

"ಬೆಳೀಬ್ಯಾಡಿ ಅಂದ್ನಾ ಅಪ್ಪ? ಸೇದಬ್ಯಾಡಿ ಅಂದೆ."

ಮರಿಯಯ್ಯ ನಿಂತಲ್ಲೇ ಯೋಚಿಸಿದ. ಅವನ ಸೊಪ್ಪು ಸೇದುವವರು ಯಾವುದೋ ದೇಶದವರು, ಅವನು ಕಣ್ಣಲ್ಲೂ ಕಾಣದವರು. "ಅದು ಸರಿ. ಅಂಗಾರೆ ತೊಂದ್ರೆ ಇಲ್ಲ ಬುಡು" ಎಂದು ಬೀಡಿ ಹಚ್ಚಿಕೊಂಡು ಹೋದ. ಬೆಂಚೂ ದನದ ಕೊಟ್ಟಿಗೆ ಸೇರಿತು.

ಆಮೇಲೆ ಪರೀಕ್ಷೆಯವರೆಗೂ ಸುಕನ್ಯಳ ಹತ್ತಿರ ಒಂದು ಕೆಮ್ಮೂ ಸುಳಿಯಲಿಲ್ಲ. ಕಪ್ಪೆಯ ಹೃದಯ ದಾಟಿ ಮನುಷ್ಯರದ್ದಕ್ಕೆ ಬಂದಳು. ಮೈಸೂರಿನಲ್ಲಿ ಸೀಟೂ ಸಿಕ್ಕಿತು.

ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಬಂದ ಅಜ್ಜಿಯ ದವಡೆ ಎಂದಿನಂತೆ ಉಬ್ಬಿತ್ತು. ಹೊಗೆಸೊಪ್ಪು ಬಿಡಿ ಎಂದು ಊರಿಗೆಲ್ಲ ಹೇಳಿದ ಸುಕನ್ಯ ಮನೆಯಲ್ಲಿ ಮಾತ್ರ ಹೇಳಿರಲಿಲ್ಲ.

"ಅಜ್ಜಿ, ಬಾಯಿ ತೆಗಿ."

ರಾಚಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಈಗ್ತಾನೆ ಸೀಟು ಸಿಕ್ಕದೆ. ಓದು ಮುಗಿಸ್ಕಂಡು ಬಾ, ತೆಗೀತೀನಿ. ಅಲ್ಲೀಗಂಟ ನಂಗೂ ರಜ."

"ಕತೇಲಿ ಆ ಮರದ ಅಜ್ಜಿ ಏನ್ ಮಾಡ್ತು?"

"ಮರಕ್ಕೆಲ್ಲಿ ಅಜ್ಜಿ? ಹತ್ತು, ಬಸ್ಸು ಹೊಂಟೋಯ್ತದೆ!"

ಸುಕನ್ಯ ಕಿಟಕಿಯಿಂದ ತಿರುಗಿ ನೋಡಿದಳು. ಅಜ್ಜಿಯ ಕೈ ಸೊಂಟದ ಎಲೆಚೀಲಕ್ಕೆ ಹೋಗಿತ್ತು. ಹೋದದ್ದು ಅಲ್ಲೇ ನಿಂತು, ಬಸ್ಸು ತಿರುವು ದಾಟಲೆಂದು ಕಾಯುತ್ತಿತ್ತು.